ಹವ್ಯಾಸಿ ವೇಷಸ್ಪರ್ಧೆಗೆ ಮೊದಲ ಸಲ: ಅಮ್ಮ ಹೊಲಿದ ಕೇಪನ್ನು ನನ್ನದೆನ್ನಬಹುದೇ?

ಹೊಸ ಕವಚ (ಹನುಮಂತನಗರ)

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ವೈಟ್‌ಫೀಲ್ಡ್ ಕಡೆ ನಡೆಯುವ ಕಾಮಿಕ್ಸ್, ಅನಿಮೆ (ಜಪಾನಿನ ಅನಿಮೇಷನ್) ಮತ್ತು ವಿಡಿಯೊ ಗೇಮ್ ಅಭಿಮಾನಿಗಳ ಸಮ್ಮೇಳನಕ್ಕೆ ಟಿಕೆಟ್ ಕೊಂಡು ಹೋಗಿ ನೋಡಿಬರುತ್ತಿದ್ದೇನೆ. ಅಲ್ಲಿ ಇಷ್ಟದ ಪಾತ್ರದ ವೇಷ ತೊಟ್ಟು ಬರುವವರಿಗೆ ನಡೆಯುವ ವೇಷಸ್ಪರ್ಧೆಯ ಹೊತ್ತಿಗೆ ಪ್ರತಿ ಸಲವೂ ವೇದಿಕೆಯ ಎಡಬದಿಯಲ್ಲಿ ನಿಂತು, ಮೆಟ್ಟಿಲ ಬಳಿ ಸರದಿ ಕಾಯುವ ಸ್ಪರ್ಧಿಗಳ ಬೆನ್ನನ್ನೇ ನೋಡುತ್ತಿರುತ್ತೇನೆ. ಪಟ್ಟಿ ಎಲ್ಲಿ ಕಟ್ಟಿದ್ದಾರೆ, ಕೊಕ್ಕೆ ಎಲ್ಲಿ ಸಿಕ್ಕಿಸಿದ್ದಾರೆ ಎಂಬುದು ಬೆನ್ನಿನ ಕಡೆಯಿಂದಷ್ಟೇ ತಿಳಿಯುತ್ತದೆ. ಈ ಸಲ ನಾನೇ ಹವ್ಯಾಸಿ ವಿಭಾಗಕ್ಕೆ ಹೆಸರು ಕೊಡಬೇಕೆಂದು ತೀರ್ಮಾನಿಸಿದ್ದೇನೆ.

ಆರಿಸಿಕೊಂಡಿರುವುದು ಒಂದು ವಿಡಿಯೊ ಗೇಮಿನ ಯೋಧೆಯ ಪಾತ್ರ. ಎದೆಕವಚ, ಎರಡು ಭುಜಕವಚ, ಮೊಣಕೈವರೆಗಿನ ಕೈಕವಚ, ಮಂಡಿಯ ತನಕ ಇಳಿಯುವ ಕಡುನೀಲಿ ಕೇಪ್ (ಹೆಗಲಿನಿಂದ ಬೆನ್ನ ಮೇಲೆ ಇಳಿಬಿಡುವ ಬಟ್ಟೆ) ಮತ್ತು ಐದಡಿಯ ಈಟಿ, ಇಷ್ಟನ್ನು ಸಿದ್ಧಪಡಿಸಬೇಕು. ಕೈಯಲ್ಲಿ ಹನ್ನೊಂದು ವಾರಗಳಿವೆ, ಆದರೆ ಕೆಲಸಕ್ಕೆ ಸಿಗುವುದು ರಾತ್ರಿಯ ಎರಡು ಗಂಟೆ ಮತ್ತು ಭಾನುವಾರಗಳು ಮಾತ್ರ. ಖರ್ಚಿಗೆ 9,000 ರೂಪಾಯಿ ಎತ್ತಿಟ್ಟಿದ್ದೇನೆ.

ನನ್ನ ಮುಖ್ಯ ಸಂದೇಹ ಇದು. ನಮ್ಮ ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅದೇ ನಮ್ಮ ಮನೆಯ ಅರ್ಧ ಸಂಪಾದನೆ. ಕೇಪಿನ ಚಿತ್ರ ತೋರಿಸಿದ ತಕ್ಷಣ, "ಒಂದು ಮಧ್ಯಾಹ್ನದ ಕೆಲಸ, ಬಟ್ಟೆ ತಂದುಕೊಡು" ಎಂದರು. ಅವರಿಂದ ಹೊಲಿಸಿಕೊಂಡರೆ ನಾನು ಹವ್ಯಾಸಿ ವಿಭಾಗದಲ್ಲಿ ಸ್ಪರ್ಧಿಸಬಹುದೇ? ಎರಡನೆಯದಾಗಿ, ಕವಚಕ್ಕೆ ಯಾವ ವಸ್ತು ಬಳಸಿದರೆ ಹಗುರವಾಗಿದ್ದೂ ಲೋಹದಂತೆ ಕಾಣುತ್ತದೆ? ಕೊನೆಯದಾಗಿ, ವೇದಿಕೆಯ ಮೇಲೆ ಸಿಗುವ ಒಂದು ನಿಮಿಷದೊಳಗಿನ ಸಮಯದಲ್ಲಿ ಏನು ಮಾಡಬೇಕು? ಪಾತ್ರ ಯುದ್ಧದಿಂದ ಬಂದವಳಾದ್ದರಿಂದ ಕವಚಕ್ಕೆ ಹಸಿ ಕೆಸರು ಮೆತ್ತಿಕೊಂಡು ಹೋಗುವ ಯೋಚನೆಯೂ ಇದೆ. ತಿಳಿದವರು ದಯವಿಟ್ಟು ಹೇಳಬೇಕು.

ಸೂಜಿದಾರ

ಮೂರು ಸಲ ಸ್ಪರ್ಧಿಸಿದ್ದೇನೆ, ಎರಡು ಕಾಲೇಜು ಉತ್ಸವಗಳಲ್ಲಿ ತೀರ್ಪುಗಾರಳಾಗಿಯೂ ಕುಳಿತಿದ್ದೇನೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಬಟ್ಟೆ ಕೊಳ್ಳುವ ಮೊದಲು ಆಯೋಜಕರ ನಿಯಮಪುಟವನ್ನು ಕೊನೆಯ ಸಾಲಿನವರೆಗೆ ಓದಿ. ಒಂದೊಂದು ಸ್ಪರ್ಧೆಯ ನಿಯಮ ಒಂದೊಂದು ರೀತಿ ಇರುತ್ತದೆ. ಆದರೂ ಕೈಕೆಲಸಕ್ಕೆ ಬಹುಮಾನ ಕೊಡುವ ಸ್ಪರ್ಧೆಗಳು ಸಾಮಾನ್ಯವಾಗಿ ವೇಷದ ಹೆಚ್ಚಿನ ಭಾಗವನ್ನು ಸ್ಪರ್ಧಿಯೇ ತಯಾರಿಸಿರಬೇಕೆಂದು ಕೇಳುತ್ತವೆ. ಅರ್ಜಿಯ ಜೊತೆಗೆ ಪಾತ್ರದ ಮೂಲಚಿತ್ರವನ್ನೂ, ತಯಾರಿಯ ಹಂತಹಂತದ ಫೋಟೊಗಳನ್ನೂ ಕೇಳುವುದುಂಟು. ಆದ್ದರಿಂದ ಇವತ್ತಿನಿಂದಲೇ ಫೋಟೊ ತೆಗೆದಿಡಿ. ಕತ್ತರಿಸಿದ ಕಾಗದದ ಅಚ್ಚು, ಅಂಟು ಹಾಕಿದ ಕೈ, ಹಾಳಾದ ಮೊದಲ ತುಂಡು, ಯಾವುದನ್ನೂ ಬಿಡಬೇಡಿ. ಸ್ಪರ್ಧೆ ನಡೆಯುವುದು ವೇದಿಕೆಯ ಮೇಲೆ ಮಾತ್ರವಲ್ಲ. ಅನೇಕ ಕಡೆ ಅದಕ್ಕೂ ಮೊದಲು ತೀರ್ಪುಗಾರರು ವೇಷವನ್ನು ಹತ್ತಿರದಿಂದ ಮುಟ್ಟಿ ನೋಡಿ ಪ್ರಶ್ನೆ ಕೇಳುತ್ತಾರೆ. ಕೈಕೆಲಸಕ್ಕೆ ಬೇರೆ ಅಂಕ, ವೇದಿಕೆಯ ಮೇಲಿನ ಪ್ರದರ್ಶನಕ್ಕೆ ಬೇರೆ ಅಂಕ.

ಇನ್ನು ಅಮ್ಮನ ವಿಷಯ. ವೇಷ ತೊಟ್ಟು ಸಮ್ಮೇಳನಕ್ಕೆ ಬರುವ ರೂಢಿಯ ಆರಂಭದಲ್ಲೇ ಈ ಪ್ರಶ್ನೆ ಅಡಗಿದೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಅಭಿಮಾನಿಗಳು ಭವಿಷ್ಯಕಾಲದ ಉಡುಪು ತೊಟ್ಟು ಬಂದಿದ್ದರು. ಮರುವರ್ಷ ಶಿಕಾಗೊ ಸಮ್ಮೇಳನದಲ್ಲಿ ವೇಷಗಳ ಕೂಟವೇ ಏರ್ಪಟ್ಟಿತು. ಮೊದಲ ವೇಷಧಾರಿ ಎಂದು ಬಹುಕಾಲ ಎಲ್ಲರ ಬಾಯಲ್ಲಿ ಉಳಿದದ್ದು ಆಕರ್‌ಮನ್ ಅವರ ಹೆಸರು. ಎರಡೂ ಉಡುಪುಗಳನ್ನು ಮಾಡಿದವರು ಮಾತ್ರ ಡಗ್ಲಸ್. ಹೊಲಿದವರ ಹೆಸರು ಹೇಳದೆ ವೇದಿಕೆ ಏರುವುದನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ಅಮ್ಮ ಹೊಲಿದರೆ ಅರ್ಜಿಯಲ್ಲಿ ಸ್ಪಷ್ಟವಾಗಿ ಹಾಗೆಂದೇ ಬರೆಯಿರಿ.

ನಾನು ತೀರ್ಪುಗಾರಳಾಗಿದ್ದಾಗ ಒಬ್ಬ ಹುಡುಗ ಬಹಳ ಚೆಂದದ ಶಿರಸ್ತ್ರಾಣ ಧರಿಸಿ ಬಂದಿದ್ದ. "ಈ ಕಣ್ಣಿನ ಪಟ್ಟಿಯನ್ನು ಒಳಗಿನಿಂದ ಹೇಗೆ ಕೂರಿಸಿದಿರಿ?" ಎಂದು ಕೇಳಿದೆ. ಅವನು ಅದನ್ನು ತೆಗೆದು ಒಳಗೆ ನೋಡಿ, ಮತ್ತೆ ನನ್ನನ್ನು ನೋಡಿದ. ಕೊಂಡು ತಂದದ್ದೆಂದು ಮೊದಲೇ ಹೇಳಿದ್ದರೆ ಅವನೇ ಮಾಡಿದ್ದ ಕೈಕವಚಕ್ಕೆ ಒಳ್ಳೆಯ ಅಂಕ ಸಿಗುತ್ತಿತ್ತು. ಆ ಗಳಿಗೆಯ ನಂತರ ಕೈಕವಚವನ್ನೂ ನಾವು ಅನುಮಾನದಿಂದ ನೋಡುವಂತಾಯಿತು.

ಹಸಿ ಕೆಸರು ಬೇಡ. 1972ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ ವಿಶ್ವ ವಿಜ್ಞಾನಕಥಾ ಸಮ್ಮೇಳನದಲ್ಲಿ ಒಬ್ಬ ಸ್ಪರ್ಧಿ ಮೈಗೆಲ್ಲ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ಬಂದಿದ್ದ. ಅದು ಪಕ್ಕದಲ್ಲಿದ್ದ ವೇಷಗಳಿಗೂ ಪೀಠೋಪಕರಣಗಳಿಗೂ ಮೆತ್ತಿಕೊಂಡಿತು. ಇತರರ ವೇಷಕ್ಕೆ ತಗಲುವ ಅಂಟು, ಹಸಿ ಪದಾರ್ಥಗಳನ್ನು ನಿಷೇಧಿಸುವ ನಿಯಮ ಅಲ್ಲಿಂದ ಬಂತು. ಕಂದು ಬಣ್ಣಕ್ಕೆ ಸ್ವಲ್ಪ ಮರದ ಹೊಟ್ಟು ಬೆರೆಸಿ ಬಳಿದು ಒಣಗಿಸಿದರೆ ಒಣಗಿದ ಕೆಸರಿನಂತೆಯೇ ಕಾಣುತ್ತದೆ, ಯಾರಿಗೂ ತಗಲುವುದಿಲ್ಲ.

ನೇರನುಡಿ

ಸೂಜಿದಾರ ಅವರ ಮಾತನ್ನು ಗೌರವಿಸುತ್ತೇನೆ, ಆದರೆ ಒಂದು ಅಂಶದಲ್ಲಿ ಒಪ್ಪಲಾರೆ. ಪ್ರಶ್ನೆ ಕೇಳಿದವರ ತಾಯಿ ಹೊಲಿಗೆಯಿಂದಲೇ ಸಂಪಾದಿಸುವವರು. ಹವ್ಯಾಸಿ ವಿಭಾಗವನ್ನು ಬೇರೆ ಮಾಡಿರುವುದೇ ವೃತ್ತಿಯವರ ಕೈಕೆಲಸದ ಎದುರು ಹೊಸಬರು ಸೋತು ಹಿಂಜರಿಯಬಾರದೆಂಬ ಉದ್ದೇಶದಿಂದ. ಹೊರದೇಶಗಳ ಹಳೆಯ ಸಮ್ಮೇಳನಗಳಲ್ಲಿ ಹೊಸಬರು, ಪಳಗಿದವರು, ನಿಪುಣರು ಎಂದು ಮೂರು ಮಟ್ಟಗಳನ್ನು ಮಾಡಿಕೊಂಡಿರುವುದೂ ಇದೇ ಕಾರಣಕ್ಕೆ. ಇಪ್ಪತ್ತೆರಡು ವರ್ಷ ಪಳಗಿದ ಕೈಯಿಂದ ಬಂದ ಕೇಪು, ಯೂಟ್ಯೂಬ್ ನೋಡಿ ಮೊದಲ ಬಾರಿಗೆ ಸೂಜಿ ಹಿಡಿದ ಹುಡುಗಿಯ ಕೇಪಿನ ಪಕ್ಕದಲ್ಲಿ ನಿಂತರೆ ಅದು ಸಮಬಲದ ಸ್ಪರ್ಧೆಯಲ್ಲ. ಅರ್ಜಿಯಲ್ಲಿ ಬರೆದುಕೊಟ್ಟರೂ ತೀರ್ಪುಗಾರರ ಕಣ್ಣು ಮೊದಲು ಹೋಗುವುದು ಕೇಪಿನ ಕಡೆಗೇ. ಮಂಡಿಯ ತನಕ ಇಳಿಯುವ ಕಡುನೀಲಿ ಬಟ್ಟೆಯನ್ನು ನೋಡದೆ ಇರುವುದು ಹೇಗೆ?

ತಾಯಿಯ ಕೆಲಸವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಅದು ಅಷ್ಟು ಒಳ್ಳೆಯ ಕೆಲಸ ಆಗಿರುತ್ತದೆ ಎಂಬುದೇ ನನ್ನ ವಾದ.

ಚೌಕಿಮನೆ (ವಿಜಯನಗರ)

ನಮ್ಮದು ಮೂಲತಃ ಉತ್ತರ ಕನ್ನಡ ಜಿಲ್ಲೆ. ತಂದೆಯವರು ಯಕ್ಷಗಾನ ಮೇಳದಲ್ಲಿ ವೇಷಭೂಷಣ ಕಟ್ಟುವ ಕೆಲಸದಲ್ಲಿದ್ದರು, ನಾನು ಶಾಲೆಯ ರಜೆಯಲ್ಲೆಲ್ಲ ಚೌಕಿಯಲ್ಲೇ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಬಣ್ಣದ ಮನೆಯಲ್ಲೇ, ಬೆಳೆದವನು. ಈಗ ಬೆಂಗಳೂರಿನಲ್ಲಿ ಬ್ಯಾಂಕ್ ನೌಕರ. ನನ್ನ ಮಗಳ ಒತ್ತಾಯಕ್ಕೆ ಎರಡು ಸಲ ಈ ಸಮ್ಮೇಳನ ನೋಡಿದ್ದೇನೆ. ಭಾರದ ಬಗ್ಗೆ ಕೇಳಿದ್ದೀರಿ, ಅದರ ಬಗ್ಗೆ ಸ್ವಲ್ಪ ಹೇಳಬಲ್ಲೆ.

ಯಕ್ಷಗಾನದ ಭುಜಕೀರ್ತಿ, ಎದೆಪದಕ, ಕಿರೀಟಗಳನ್ನು ದೂರದಿಂದ ನೋಡಿದವರು ಲೋಹವೆಂದೇ ತಿಳಿಯುತ್ತಾರೆ. ಅವು ಹಗುರ ಜಾತಿಯ ಮರದಲ್ಲಿ ಕೆತ್ತಿ, ಮೇಲೆ ಬಂಗಾರದ ಬಣ್ಣದ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿ, ಕನ್ನಡಿಯ ಚೂರು ಕೂರಿಸಿದವು. ರಾತ್ರಿಯಿಡೀ ಕುಣಿಯುವ ದೇಹದ ಮೇಲೆ ಲೋಹ ಹೊರಿಸಲಾಗದು ಎಂಬ ಅನುಭವದಿಂದ ಬಂದ ವಿದ್ಯೆ ಅದು. ಈಗಿನವರು ಫೋಮಿನಲ್ಲಿ ಮಾಡುವ ಕವಚವೂ ಅದೇ ದಾರಿಯದು. ಆದರೆ ವಸ್ತು ಹಗುರವಾದರೆ ಸಾಲದು, ಭಾರ ಎಲ್ಲಿ ಕೂರುತ್ತದೆ ಎಂಬುದನ್ನು ನೋಡಬೇಕು. ಸಮ್ಮೇಳನದಲ್ಲಿ ನಾನು ಕಂಡ ಹೆಚ್ಚಿನ ಭುಜಕವಚಗಳು ಎದೆಕವಚಕ್ಕೇ ಅಂಟಿಕೊಂಡಿದ್ದವು. ಕೈ ಎತ್ತಿದರೆ ಇಡೀ ಕವಚವೇ ಕತ್ತಿನವರೆಗೆ ಎದ್ದು ಬರುತ್ತಿತ್ತು. ನಮ್ಮಲ್ಲಿ ಪ್ರತಿಯೊಂದು ತುಂಡೂ ಬೇರೆ ಬೇರೆ, ಪ್ರತಿಯೊಂದಕ್ಕೂ ಅದರದೇ ದಾರ. "ವೇಷ ಹಾಕುವುದು" ಎಂದು ಇಲ್ಲಿ ಹೇಳುತ್ತಾರೆ, ನಮ್ಮ ಕಡೆ "ವೇಷ ಕಟ್ಟುವುದು" ಎನ್ನುತ್ತೇವೆ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮುಂಡಾಸನ್ನಂತೂ (ಪೇಟವನ್ನು) ಕಲಾವಿದನ ತಲೆಯ ಮೇಲೆಯೇ ಪ್ರತಿ ರಾತ್ರಿ ಹೊಸದಾಗಿ ಕಟ್ಟುತ್ತಾರೆ.

ತಂದೆಯವರು ತಲೆಗೆ ಬಟ್ಟೆ ಬಿಗಿಯುವಾಗ ಕಲಾವಿದನ ಹಣೆಗೂ ಬಟ್ಟೆಗೂ ನಡುವೆ ತಮ್ಮ ಕಿರುಬೆರಳನ್ನು ಇಟ್ಟುಕೊಂಡೇ ಸುತ್ತುತ್ತಿದ್ದರು. ಕೊನೆಯ ಗಂಟು ಹಾಕಿದ ಮೇಲೆ ಬೆರಳನ್ನು ಮೆಲ್ಲಗೆ ಎಳೆಯುವರು. ಸಲೀಸಾಗಿ ಬಂದರೆ ಸಡಿಲ, ಬಾರದಿದ್ದರೆ ಬೆಳಗಿನ ಜಾವಕ್ಕೆ ತಲೆನೋವು. ಸ್ವಲ್ಪ ತಡೆದು ಬಂದರೆ ಸರಿ. ನಿಮ್ಮ ಪಟ್ಟಿಗಳಿಗೂ ಈ ಅಳತೆಯೇ ಸಾಕು. ಭುಜಕವಚಗಳನ್ನು ಬಟ್ಟೆಯ ಒಳಪಟ್ಟಿಗೆ ಕಟ್ಟಿ, ಆ ಪಟ್ಟಿಯನ್ನು ಬೆನ್ನ ಮೇಲೆ ಅಡ್ಡ ಹಾಯಿಸಿ ಸೊಂಟಕ್ಕೆ ತನ್ನಿ. ಭಾರ ಸೊಂಟದ ಮೇಲೆ ಕೂರಲಿ. ಎಲ್ಲವನ್ನೂ ಕಟ್ಟಿಕೊಂಡು ಮನೆಯಲ್ಲಿ ಎರಡು ಗಂಟೆ ಓಡಾಡಿ, ಕುಳಿತೆದ್ದು, ಬಗ್ಗಿ ನೋಡಿ. ಎಲ್ಲಿ ಉಜ್ಜುತ್ತದೆ ಎಂಬುದು ಮೊದಲ ಹತ್ತು ನಿಮಿಷದಲ್ಲಿ ತಿಳಿಯುವುದಿಲ್ಲ.

ನೇರನುಡಿ ಅವರಿಗೆ ಒಂದು ಮಾತು. ನಮ್ಮ ಚೌಕಿಯಲ್ಲಿ ಯಾರೂ ಒಬ್ಬರೇ ವೇಷ ಕಟ್ಟಿಕೊಳ್ಳಲಾರರು. ಬೆನ್ನಿನ ಗಂಟಿಗೆ ಇನ್ನೊಬ್ಬರ ಕೈ ಬೇಕೇ ಬೇಕು. ಸಹಾಯವೇ ಇರಬಾರದೆಂಬ ನಿಯಮವನ್ನು ಯಾವ ವೇಷವೂ ತಾಳಲಾರದು.

ನೇರನುಡಿ

ಕಟ್ಟಲು ಸಹಾಯ ಪಡೆಯುವುದು ಬೇರೆ, ಮಾಡಿಸಿಕೊಳ್ಳುವುದು ಬೇರೆ. ಚೌಕಿಯಲ್ಲಿ ಬೆನ್ನಿನ ಗಂಟು ಹಾಕಿದವರಿಗೆ ಯಾರೂ ಬಹುಮಾನ ಕೊಡುತ್ತಿಲ್ಲ, ಕೊಡುವುದು ಕುಣಿದವರಿಗೆ. ಇಲ್ಲಿ ಕೈಕೆಲಸಕ್ಕೇ ಪ್ರತ್ಯೇಕ ಅಂಕವಿದೆ. ಯಾರ ಕೈ ಎಂಬ ಪ್ರಶ್ನೆ ಬರುವುದು ಅದಕ್ಕೇ.

ಫೋಮು ಮತ್ತು ಅಂಟು (ಮಹದೇವಪುರ)

ಆ ಚರ್ಚೆ ಮುಂದುವರಿಯಲಿ, ನಾನು ಕವಚದ ಬಗ್ಗೆ ಬರೆಯುತ್ತೇನೆ.

ಇವಿಎ ಫೋಮ್ ಬಳಸಿ. ವ್ಯಾಯಾಮಕ್ಕೆ ನೆಲದ ಮೇಲೆ ಹಾಸುವ ಚಾಪೆಗಳು ಅದರವೇ. ಎದೆಕವಚಕ್ಕೆ 10 ಮಿ.ಮೀ. ದಪ್ಪ, ಭುಜಕ್ಕೂ ಕೈಗೂ 5 ಮಿ.ಮೀ., ಮೇಲಿನ ಗೆರೆ ಹೂವಿನ ಅಲಂಕಾರಕ್ಕೆ 2 ಮಿ.ಮೀ. ಸಾಕು. ರೆಗ್ಸಿನ್, ಪಟ್ಟಿ, ಫೋಮ್ ಹಾಳೆಗಳಿಗೆ ಜೆ.ಸಿ. ರಸ್ತೆಯ ವಾಹನದ ಸೀಟು ಹೊಲಿಯುವವರ ಅಂಗಡಿಗಳ ಕಡೆ ವಿಚಾರಿಸಿ. ಎಲ್‌ಇಡಿ ಮತ್ತು ಬ್ಯಾಟರಿಗೆ ಎಸ್.ಪಿ. ರಸ್ತೆ. ಕೇಪಿನ ಬಟ್ಟೆಗೆ ಚಿಕ್ಕಪೇಟೆ. ಲೇಸು, ಗುಂಡಿ, ಕೊಕ್ಕೆಗಳಿಗೆ ಎಲ್ಲಿಗೆ ಹೋಗಬೇಕೆಂಬುದನ್ನು ನಿಮ್ಮ ತಾಯಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಅಳತೆಗೆ ಒಂದು ಸುಲಭ ವಿಧಾನವಿದೆ. ಹಳೆಯ ಟೀಶರ್ಟ್ ಹಾಕಿಕೊಂಡು ಅದರ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಸಿಕೊಳ್ಳಿ. ಅದರ ಮೇಲೆ ಕಾಗದದ ಟೇಪು ಅಂಟಿಸಿಕೊಂಡು, ಕವಚದ ಗೆರೆಗಳನ್ನು ಮಾರ್ಕರ್‌ನಿಂದ ಎಳೆಸಿ. ನಂತರ ಬೆನ್ನಿನ ಕಡೆ ಕತ್ತರಿಸಿ ತೆಗೆದರೆ ನಿಮ್ಮ ಮೈಯ ಚಿಪ್ಪೇ ಕೈಗೆ ಬರುತ್ತದೆ. ಒಂದೇ ಪಕ್ಕದ ಅಚ್ಚು ತೆಗೆದು ಇನ್ನೊಂದು ಪಕ್ಕಕ್ಕೆ ಮಗುಚಿ ಬಳಸಿ. ಎರಡೂ ಪಕ್ಕ ಬೇರೆ ಬೇರೆ ಬರೆದರೆ ಎಂದೂ ಒಂದೇ ಸಮ ಬರುವುದಿಲ್ಲ.

ಕತ್ತರಿಸುವ ಬ್ಲೇಡನ್ನು ಅಡಿಗಡಿಗೆ ಬದಲಿಸಿ. ಮೊಂಡಾದ ಬ್ಲೇಡ್ ಫೋಮನ್ನು ಕತ್ತರಿಸದೆ ಹರಿಯುತ್ತದೆ, ಆ ಅಂಚನ್ನು ಯಾವ ಬಣ್ಣವೂ ಮುಚ್ಚಲಾರದು. ಅಂಟಿಗೆ ಚಪ್ಪಲಿ ಮತ್ತು ಲ್ಯಾಮಿನೇಟ್ ಕೆಲಸಕ್ಕೆ ಬಳಸುವ ಹಳದಿ ರಬ್ಬರ್ ಅಂಟು ಒಳ್ಳೆಯದು. ಎರಡೂ ಅಂಚಿಗೆ ತೆಳುವಾಗಿ ಬಳಿದು ಹತ್ತು ಹದಿನೈದು ನಿಮಿಷ ಬಿಡಿ. ಬೆರಳ ಹಿಂಬದಿಯಿಂದ ಮುಟ್ಟಿದಾಗ ಎಳೆ ಬಾರದಷ್ಟು ಆರಿದ ಮೇಲೆ ಒಂದು ತುದಿಯಿಂದ ಒತ್ತುತ್ತ ಹೋಗಿ. ಅದು ಒಮ್ಮೆ ಹಿಡಿದರೆ ಮತ್ತೆ ಬಿಡುವುದಿಲ್ಲ, ಹಾಗಾಗಿ ಕೂಡಿಸುವ ಗುರುತುಗಳನ್ನು ಮೊದಲೇ ಹಾಕಿಕೊಂಡಿರಿ. ಈ ಅಂಟಿನ ಆವಿಯನ್ನು ಹಗುರವಾಗಿ ಕಾಣಬೇಡಿ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮೇಲ್ಛಾವಣಿಯಲ್ಲೋ ಬಾಲ್ಕನಿಯಲ್ಲೋ ಕುಳಿತು, ರಾಸಾಯನಿಕ ಆವಿಗೆಂದೇ ಇರುವ ಫಿಲ್ಟರ್ ಮಾಸ್ಕ್ ಹಾಕಿಕೊಂಡು ಕೆಲಸ ಮಾಡಿ.

ಬಣ್ಣಕ್ಕೆ ಮೊದಲು ಹೀಟ್ ಗನ್‌ನಿಂದ (ಬಿಸಿಗಾಳಿ ಊದುವ ಉಪಕರಣ) ಮೇಲ್ಮೈಗೆ ಶಾಖ ಕೊಡಿ. ಫೋಮಿನ ಸಣ್ಣ ರಂಧ್ರಗಳು ಮುಚ್ಚಿ ಸ್ವಲ್ಪ ಹೊಳಪು ಬರುತ್ತದೆ, ಬಿಸಿ ಇರುವಾಗಲೇ ಬೇಕಾದ ಆಕಾರಕ್ಕೆ ಬಾಗಿಸಬಹುದು. ಆಮೇಲೆ ಮರಗೆಲಸದ ಬಿಳಿ ಅಂಟನ್ನು ನೀರು ಬೆರೆಸಿ ಮೂರು ನಾಲ್ಕು ಸಲ ಬಳಿದು ಒಣಗಿಸಿ. ಇದನ್ನು ಬಿಟ್ಟರೆ ಬಣ್ಣವೆಲ್ಲ ಫೋಮಿನೊಳಗೆ ಇಂಗುತ್ತದೆ. ಮೊದಲು ಕಪ್ಪು, ಅದರ ಮೇಲೆ ಬೆಳ್ಳಿ ಬಣ್ಣವನ್ನು ಹೆಚ್ಚುಕಡಿಮೆ ಒಣಗಿದ ಬ್ರಷ್‌ನಿಂದ ಉಬ್ಬಿದ ಕಡೆ ಮಾತ್ರ ಸವರಿ. ಸಂದುಗಳಲ್ಲಿ ಕಪ್ಪು ಉಳಿದರೆ ಮಾತ್ರ ಕಣ್ಣಿಗೆ ಲೋಹವೆನಿಸುತ್ತದೆ.

ಭುಜದ ಲಾಂಛನವನ್ನು ತ್ರೀಡಿ ಪ್ರಿಂಟ್ ಮಾಡಿಸುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆದುವಾಗುತ್ತದೆ. ನನ್ನದನ್ನು ಕಾಡುಗೋಡಿಯಲ್ಲಿ ಬಿಸಿಲಿಗೆ ನಿಲ್ಲಿಸಿದ್ದ ಕಾರಿನ ಹಿಂದಿನ ಗಾಜಿನ ಕೆಳಗೆ ಇಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಗರುಡನ ಎರಡೂ ರೆಕ್ಕೆಗಳು ಜೋತುಬಿದ್ದಿದ್ದವು.

ಬಸವೇಶ್ವರನಗರದ ತಾಯಿ

ನನ್ನ ಹದಿನಾಲ್ಕು ವರ್ಷದ ಮಗಳ ಜೊತೆ ಹೋಗಿ ಇಡೀ ದಿನ ನಿಂತವಳು ನಾನು. ಇಲ್ಲಿಯವರೆಗೆ ಯಾರೂ ಹೇಳದ ಎರಡು ಮೂರು ವಿಷಯಗಳಿವೆ.

ಶೌಚಾಲಯಕ್ಕೆ ಹೋಗುವುದು ಹೇಗೆಂದು ಮೊದಲೇ ಯೋಚಿಸಿ. ಒಬ್ಬರ ಸಹಾಯದಿಂದ ಐದು ನಿಮಿಷದಲ್ಲಿ ಕಳಚಲಾಗದ ಕವಚ ಮಾಡಿಕೊಂಡರೆ ಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ನನ್ನ ಮಗಳು ಹಾಗೆ ಮಾಡಿ ಮಧ್ಯಾಹ್ನ ಮೂರಕ್ಕೆ ತಲೆಸುತ್ತಿ ಕುಳಿತಳು. ಜೊತೆಗೆ ಒಬ್ಬರು ಇರಲೇಬೇಕು. ಅವರ ಚೀಲದಲ್ಲಿ ನೀರು, ಸೇಫ್ಟಿ ಪಿನ್, ಸೂಜಿದಾರ, ಅಂಟು, ಅಗಲವಾದ ಟೇಪು, ಹಗುರ ಚಪ್ಪಲಿ ಮತ್ತು ಚಕ್ಕುಲಿಯೋ ಕೋಡುಬಳೆಯೋ ಇರಲಿ.

ಫೋಟೊ ತೆಗೆಯುವವರ ವಿಷಯದಲ್ಲಿ ನಾಚಿಕೆ ಬೇಡ. ವೇಷ ತೊಟ್ಟದ್ದು ಮೈ ಮುಟ್ಟಲು ಕೊಟ್ಟ ಒಪ್ಪಿಗೆಯಲ್ಲ. ನ್ಯೂಯಾರ್ಕ್ ಕಾಮಿಕ್ ಕಾನ್ ಎಂಬ ಸಮ್ಮೇಳನದಲ್ಲಿ 2014ರಲ್ಲಿ ಈ ಮಾತನ್ನು ದೊಡ್ಡ ಫಲಕಗಳಲ್ಲೇ ಬರೆಸಿ ನಿಲ್ಲಿಸಿದ್ದರು. ಕೇಳದೆ ಹೆಗಲಿಗೆ ಕೈ ಹಾಕಿದವರಿಗೆ "ಬೇಡ" ಎಂದು ಗಟ್ಟಿಯಾಗಿ ಹೇಳುವುದನ್ನು ನನ್ನ ಮಗಳಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಿದ್ದೆ.

ಇನ್ನು ಈಟಿ. ಐದಡಿಯದನ್ನು ಇಡಿಯಾಗಿ ಮೆಟ್ರೊದಲ್ಲಿ ಒಯ್ಯುವ ಆಸೆ ಬೇಡ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೂ ತಡೆಯಿಲ್ಲದೆ ಓಡತೊಡಗಿದ ಮೇಲೆ ನಮ್ಮಂಥವರಿಗೆ ದೊಡ್ಡ ಉಪಕಾರವಾಗಿದೆ, ನಿಜ. ಆದರೆ ತಪಾಸಣೆಯ ಯಂತ್ರದ ಮುಂದೆ ಆಯುಧದ ಆಕಾರ ಕಂಡರೆ ಸಿಬ್ಬಂದಿ ಪ್ರಶ್ನಿಸುವುದು ಸಹಜ. ಪಿವಿಸಿ ಪೈಪಿನ ಎರಡು ತುಂಡು ಮಾಡಿ, ನಡುವೆ ತಿರುಪು ಕೂಡಿಸಿ, ಮೊನೆಯನ್ನು ಫೋಮಿನಲ್ಲಿ ಮಾಡಿ ಬೇರೆ ಚೀಲದಲ್ಲಿಡಿ. ಲೋಹದ ಮೊನೆಯನ್ನು ಸಮ್ಮೇಳನದ ಬಾಗಿಲಲ್ಲೂ ಬಿಡುವುದಿಲ್ಲ.

ಮೂರನೇ ಗಂಟೆ

ಹವ್ಯಾಸಿ ನಾಟಕ ತಂಡವೊಂದರಲ್ಲಿ ಹದಿನೈದು ವರ್ಷಗಳಿಂದ ಇದ್ದೇನೆ. ಈ ಊರಿನಲ್ಲಿ ಹವ್ಯಾಸಿ ಎಂಬ ಮಾತಿಗೆ ಗೌರವವಿದೆ. ಜೆ.ಸಿ. ರಸ್ತೆಯಲ್ಲಿ ಹವ್ಯಾಸಿಗಳ ಸಂಘದ ಹೆಸರನ್ನೇ ಹೊತ್ತ ಎಡಿಎ (ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್) ರಂಗಮಂದಿರವಿದೆ. ಹಗಲು ಕಚೇರಿ, ಸಂಜೆ ತಾಲೀಮು ಎಂದು ಬದುಕಿದವರು ಕಟ್ಟಿದ ರಂಗಭೂಮಿ ನಮ್ಮದು.

ವೇದಿಕೆಯ ಮೇಲಿನ ಸಮಯ ಚಿಕ್ಕದು, ಅದರಲ್ಲಿ ಕಥೆ ಹೇಳಲು ಹೋಗಬೇಡಿ. ಮೂರು ಭಂಗಿಗಳು ಸಾಕು. ಒಳಗೆ ಬಂದು ನಿಲ್ಲುವುದು, ನಡುವೆ ಒಮ್ಮೆ ಪೂರ್ತಿ ತಿರುಗಿ ಬೆನ್ನು ತೋರಿಸುವುದು, ಕೊನೆಗೆ ಈಟಿ ಎತ್ತಿ ನಿಲ್ಲುವುದು. ಪ್ರತಿ ಭಂಗಿಯಲ್ಲೂ ಮನಸ್ಸಿನಲ್ಲಿ ನಾಲ್ಕು ಎಣಿಸಿ. ಗಾಬರಿಯಲ್ಲಿ ಎಣಿಕೆ ವೇಗವಾಗುವುದರಿಂದ ಮನೆಯಲ್ಲಿ ಆರು ಎಣಿಸಿ ಅಭ್ಯಾಸ ಮಾಡಿ, ವೇದಿಕೆಯ ಮೇಲೆ ಅದೇ ನಾಲ್ಕಾಗುತ್ತದೆ. ತಾಲೀಮನ್ನು ಅದೇ ಬೂಟು, ಅದೇ ಕೇಪ್ ಹಾಕಿಕೊಂಡೇ ಮಾಡಿ. ಕೇಪ್ ಧರಿಸಿದವರು ತಿರುಗುವಾಗ ಮೊದಲ ಹೆಜ್ಜೆ ಯಾವ ಕಾಲಿನದೆಂದು ತೀರ್ಮಾನಿಸಿರಬೇಕು, ಇಲ್ಲವಾದರೆ ತಮ್ಮ ಕೇಪನ್ನೇ ತುಳಿಯುತ್ತಾರೆ. ಬೆನ್ನು ತೋರಿಸಲು ಹೆದರಬೇಡಿ. ನೀವೇ ಬರೆದಿದ್ದೀರಲ್ಲ, ಕೆಲಸ ತಿಳಿಯುವುದು ಬೆನ್ನಿನ ಕಡೆಯಿಂದ ಎಂದು.

ಹೊಸ ಕವಚ (ಹನುಮಂತನಗರ)

ಎಲ್ಲರ ಉತ್ತರಗಳನ್ನೂ ಅಮ್ಮನಿಗೆ ಓದಿ ಹೇಳಿದೆ. ನೇರನುಡಿ ಅವರ ಮಾತು ಕೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಹೇಳುವುದು ಸರಿ. ಕತ್ತರಿ ನೀನೇ ಹಿಡಿ" ಎಂದರು. ಆಯೋಜಕರಿಗೂ ಬರೆದು ಕೇಳಿದ್ದೆ. ಕುಟುಂಬದವರ ಸಹಾಯ ಪಡೆಯಬಹುದು, ಯಾವ ಭಾಗವೆಂದು ನಮೂದಿಸಬೇಕು ಎಂದು ಉತ್ತರ ಬಂತು. ಅಂದರೆ ನಿಯಮದ ಅಡ್ಡಿಯಿರಲಿಲ್ಲ. ಆದರೂ ಕೇಪನ್ನು ನಾನೇ ಹೊಲಿಯುತ್ತಿದ್ದೇನೆ.

ಬರೆಯಲೇಬೇಕಾದ ಒಂದು ವಿಷಯವಿದೆ. ಅರ್ಧವೃತ್ತಕ್ಕೆ ಕತ್ತರಿಸಿದ ದಿನವೇ ನಾನು ಅಂಚು ಮಡಿಸಲು ಕುಳಿತೆ. ಅಮ್ಮ ಬಟ್ಟೆ ಕಿತ್ತುಕೊಂಡು ಬಾಗಿಲ ಮೇಲಿನ ಮೊಳೆಗೆ ನೇತುಹಾಕಿ, ಎರಡು ರಾತ್ರಿ ಮುಟ್ಟಬಾರದೆಂದರು. ಮೂರನೆಯ ದಿನ ನೋಡಿದರೆ ನೇರ ಎಳೆಯ ಕಡೆ ಹಾಗೆಯೇ ಇದ್ದ ಅಂಚು, ಓರೆ ಎಳೆಯ ಕಡೆ ಒಂದು ಇಂಚಿಗೂ ಹೆಚ್ಚು ಇಳಿದಿತ್ತು. ಮೊದಲೇ ಮಡಿಸಿದ್ದರೆ ಸ್ಪರ್ಧೆಯ ದಿನ ಎರಡೂ ಪಕ್ಕ ಜೋಲುತ್ತಿತ್ತು. ಇಳಿದಷ್ಟನ್ನು ಚಾಕ್‌ನಿಂದ ಗುರುತಿಸಿ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿಕೊಂಡಿದ್ದೇನೆ. ಮಡಿಕೆ ಹೇಗೆ ಹಿಡಿಯಬೇಕೆಂದು ತೋರಿಸಲು ಅಮ್ಮ ಎಡ ಮೂಲೆಯಿಂದ ಒಂದು ಅಡಿಯಷ್ಟು ಹೊಲಿದರು. ಮುಂದಿನದು ನನ್ನದು. ಎಲ್ಲಿಂದ ನನ್ನ ಹೊಲಿಗೆ ಶುರುವಾಗುತ್ತದೆಂದು ಯಾರು ಬೇಕಾದರೂ ಗುರುತಿಸಬಹುದು, ಅಷ್ಟು ವ್ಯತ್ಯಾಸವಿದೆ.

ನೇರನುಡಿ

ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ. ಆ ಒಂದು ಅಡಿಯನ್ನು ಬಿಚ್ಚಬೇಡಿ.

ಹೊಸ ಕವಚ (ಹನುಮಂತನಗರ)

ಸ್ಪರ್ಧೆ ಮುಗಿದು ನಾಲ್ಕು ದಿನವಾಯಿತು. ಬಹುಮಾನ ಬರಲಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗವಾದೀತು.

ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಹೊರಟು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದೆವು. ಅಮ್ಮನ ಕೈಯಲ್ಲಿ ಕೇಪ್, ನನ್ನ ಕೈಯಲ್ಲಿ ಎರಡು ಚೀಲ. ಈಟಿಯ ಪೈಪುಗಳನ್ನು ತಪಾಸಣೆಯಲ್ಲಿ ಹೊರತೆಗೆಸಿದರು, ಫೋಮಿನ ಮೊನೆಯನ್ನು ಹಿಚುಕಿ ನೋಡಿ ಬಿಟ್ಟರು. ಸರದಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿಂತೆವು. ಚೌಕಿಮನೆಯವರು ಹೇಳಿದಂತೆ ಭಾರವನ್ನು ಸೊಂಟಕ್ಕೆ ತಂದಿದ್ದರಿಂದ ಹೆಗಲು ನೋಯಲಿಲ್ಲ. ಕೈಕವಚದ ಒಳಗೆ ಮಾತ್ರ ಬೆವರು ತುಂಬಿ ಬೆರಳುಗಳು ಸುಕ್ಕುಗಟ್ಟಿದ್ದವು.

ಹತ್ತಿರದಿಂದ ನೋಡಲು ಇಬ್ಬರು ತೀರ್ಪುಗಾರರಿದ್ದರು. ಒಬ್ಬರು ಎದೆಕವಚದ ಸಂದನ್ನು ಬೆರಳಿನಿಂದ ಸವರಿ ಬಣ್ಣದ ಕ್ರಮ ಕೇಳಿದರು. ಇನ್ನೊಬ್ಬರು ಬಗ್ಗಿ ಕೇಪಿನ ಅಂಚನ್ನು ಮಗುಚಿದರು. ಎಡ ಮೂಲೆಯಿಂದ ಶುರುಮಾಡಿ ಅಂಚನ್ನು ಬೆರಳುಗಳ ನಡುವೆ ಜಾರಿಸುತ್ತ ಬಂದು ಒಂದು ಕಡೆ ನಿಂತರು. "ಇಲ್ಲಿ ಕೈ ಬದಲಾಗಿದೆಯಲ್ಲ" ಎಂದರು. "ಅಲ್ಲಿಯವರೆಗೆ ಅಮ್ಮ ತೋರಿಸಿಕೊಟ್ಟದ್ದು, ಅರ್ಜಿಯಲ್ಲಿ ಬರೆದಿದ್ದೇನೆ, ಮುಂದಿನದು ನಾನು" ಎಂದೆ. ಅವರು ಉಳಿದ ಅಂಚನ್ನು ಬಲತುದಿಯವರೆಗೂ ನೋಡಿ, ಕೊನೆಯ ಎರಡು ಅಡಿ ಮೊದಲಿನದಕ್ಕಿಂತ ಚೆನ್ನಾಗಿದೆ ಎಂದರು. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ ಅಮ್ಮನಿಗೂ ಅದು ಕೇಳಿಸಿತು.

ವೇದಿಕೆಯ ಮೇಲೆ ಮೂರು ಭಂಗಿಗಳೂ ಆದವು. ಮೂರನೆಯದರಲ್ಲಿ ಈಟಿ ಎತ್ತಿದಾಗ ಬಲಭುಜದ ಪಟ್ಟಿ ಬಿಟ್ಟುಕೊಂಡು ಕವಚ ಮೊಣಕೈಯವರೆಗೆ ಜಾರಿತು. ಎಡಗೈಯಿಂದ ಅದನ್ನು ಹಿಡಿದುಕೊಂಡೇ ನಾಲ್ಕು ಎಣಿಸಿ ಇಳಿದೆ. ಪಟ್ಟಿಯನ್ನು ಹೊಲಿಯದೆ ಬರೀ ಅಂಟಿಸಿದ್ದೆ. ಆ ತಪ್ಪು ನನ್ನದೇ.

ಈಗ ಒಂದು ಪ್ರಶ್ನೆ ಉಳಿದಿದೆ. ಎದೆಕವಚ ಸೊಂಟದ ಬಳಿ ಬಾಗುವ ಕಡೆ ಬಣ್ಣ ಬಿರುಕು ಬಿಟ್ಟು ಒಳಗಿನ ಬಿಳಿ ಅಂಟು ಕಾಣುತ್ತಿದೆ. ಇಡೀ ಕವಚವನ್ನು ಮತ್ತೆ ಮಾಡಬೇಕೇ?

ಫೋಮು ಮತ್ತು ಅಂಟು (ಮಹದೇವಪುರ)

ಬೇಡ. ಬಿಳಿ ಅಂಟು ಒಣಗಿದ ಮೇಲೆ ಪದೇ ಪದೇ ಬಾಗುವುದನ್ನು ತಾಳುವುದಿಲ್ಲ. ಬಾಗದ ಕಡೆಗಳಿಗೆ ಮಾತ್ರ ಅದು ಸರಿ. ಇದನ್ನು ಮೊದಲೇ ಹೇಳದೆ ಹೋದದ್ದು ನನ್ನ ತಪ್ಪು. ಬಿರುಕು ಬಿಟ್ಟ ಪಟ್ಟಿಯಷ್ಟನ್ನು ಎರಡು ಇಂಚು ಅಗಲಕ್ಕೆ ಕತ್ತರಿಸಿ ತೆಗೆಯಿರಿ. ಆ ಜಾಗಕ್ಕೆ 5 ಮಿ.ಮೀ. ಫೋಮಿನ ಮೂರು ಅಡ್ಡ ಪಟ್ಟಿಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬರುವ ಹಾಗೆ ಜೋಡಿಸಿ. ಒಳಗಡೆ ಅಗಲವಾದ ಎಲಾಸ್ಟಿಕ್‌ಗೆ ಅವನ್ನು ಹೊಲಿಯಿರಿ, ಅಂಟಿಸಬೇಡಿ. ಪಟ್ಟಿಗಳಿಗೆ ಬಿಳಿ ಅಂಟಿನ ಬದಲು ರಬ್ಬರಿನಂತೆ ಹಿಗ್ಗುವ ಸ್ಪ್ರೇ ಲೇಪನ ಕೊಟ್ಟು ಬಣ್ಣ ಹಾಕಿ. ಫೋಮಿಗೆ ಸೂಜಿ ಹಾಕುವಾಗ ಹೊಲಿಗೆ ದೂರದೂರ ಇರಲಿ, ಒತ್ತೊತ್ತಾಗಿ ಹಾಕಿದರೆ ತೂತುಗಳ ಸಾಲಿನಲ್ಲೇ ಹರಿಯುತ್ತದೆ. ಯಾವ ಸೂಜಿ ಬೇಕೆಂದು ನಿಮ್ಮ ತಾಯಿಯವರನ್ನು ಕೇಳಿ, ನನಗೂ ತಿಳಿಸಿ.